ಯುಗಾದಿಯೇ ಬಾರದ ವರ್ಷ

ದಾವಣಗೆರೆಯ ಹಳೇ ಪೇಟೆಯಲ್ಲಿ ಒಂದು ಜವಳಿ ಅಂಗಡಿ. ಅಪ್ಪನ ಕಾಲದಲ್ಲಿ ಒಂದೇ ಮಳಿಗೆ. ಮಕ್ಕಳ ಕಾಲಕ್ಕೆ ಹರಿಹರ, ರಾಣೆಬೆನ್ನೂರು, ಹರಪನಹಳ್ಳಿ, ಹೊಸಪೇಟೆ ಸೇರಿ ಐದಾಗಿವೆ. 2025ರ ಏಪ್ರಿಲ್‌ನಲ್ಲಿ ಅಂಗಡಿಯ ಯಜಮಾನರು ನನ್ನ ಮುಂದೆ ಎರಡು ಹಾಳೆ ಇಟ್ಟರು. ಒಂದು 2023–24ನೇ ಸಾಲಿನ ಲೆಕ್ಕ, ಇನ್ನೊಂದು 2024–25ರದ್ದು. ಮೊದಲನೆಯದರಲ್ಲಿ ವ್ಯಾಪಾರ ಇಳಿದಿತ್ತು, ಎರಡನೆಯದರಲ್ಲಿ ಚೆನ್ನಾಗಿ ಏರಿತ್ತು.

‘ಹೋದ ವರ್ಷ ಹುಡುಗರು ಸರಿಯಾಗಿ ದುಡಿದಿಲ್ಲ. ಈ ವರ್ಷ ಹೊಸ ಮ್ಯಾನೇಜರ್ ಬಂದ್ಮೇಲೆ ನೋಡ್ರಿ, ಹೆಂಗ್ ಎದ್ದೈತಿ. ಅವ್ರಿಗೆ ಏನಾದ್ರೂ ಬಹುಮಾನ ಕೊಡಬೇಕು’ ಅಂದರು.

ನಾನು ತಲೆಯಾಡಿಸುವುದರಲ್ಲಿದ್ದೆ. ಗಲ್ಲಾದ ಪಕ್ಕದಲ್ಲಿ ಕೂತಿದ್ದ ಹಿರಿಯ ಗುಮಾಸ್ತರು ಗೋಡೆಯ ಮೇಲಿನ ಹಳೆಯ ಕ್ಯಾಲೆಂಡರುಗಳ ಕಟ್ಟನ್ನು ಇಳಿಸಿ ಒಂದೊಂದೇ ತಿರುವಿದರು. 2023ರ ಯುಗಾದಿ ಮಾರ್ಚ್ 22ಕ್ಕೆ. 2024ರದ್ದು ಏಪ್ರಿಲ್ 9ಕ್ಕೆ. 2025ರದ್ದು ಮಾರ್ಚ್ 30ಕ್ಕೆ. ನಮ್ಮ ಲೆಕ್ಕದ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಅಂದಮೇಲೆ 2023–24ನೇ ಸಾಲಿನಲ್ಲಿ ಯುಗಾದಿ ಹಬ್ಬವೇ ಬಂದಿಲ್ಲ, 2024–25ರಲ್ಲಿ ಎರಡು ಸಲ ಬಂದಿದೆ! 2023ರಲ್ಲಿ ಅಧಿಕ ಶ್ರಾವಣ ಬಂದು ಮುಂದಿನ ಹಬ್ಬಗಳೆಲ್ಲ ಸುಮಾರು ಮೂರು ವಾರ ತಡವಾಗಿ ಬಂದದ್ದರ ಫಲ ಅದು.

ಹುಡುಗರು ಮೈಗಳ್ಳತನ ಮಾಡಿರಲಿಲ್ಲ. ಹೊಸ ಮ್ಯಾನೇಜರ್ ಪವಾಡವನ್ನೂ ಮಾಡಿರಲಿಲ್ಲ. ಅಂಗಡಿಯ ಎಷ್ಟೋ ವರ್ಷದ ಬಿಲ್ಲುಗಳು ಕಂಪ್ಯೂಟರಿನಲ್ಲಿದ್ದವು. ಆದರೆ ಅದಕ್ಕೆ ಯುಗಾದಿ ಗೊತ್ತಿರಲಿಲ್ಲ, ಯಾಕೆಂದರೆ ನಾವು ಯಾರೂ ಹೇಳಿರಲಿಲ್ಲ.

ಡೇಟಾ ವೇರ್‌ಹೌಸ್ ಎಂಬ ಮಾತು ಈಗ ಇಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದ ಮಕ್ಕಳ ಬಾಯಲ್ಲೂ ಇದೆ. ಬಿಸಿನೆಸ್ ಇಂಟೆಲಿಜೆನ್ಸ್ ಕಲಿಸುತ್ತೇವೆಂಬ ಬೋರ್ಡು ಬೆಂಗಳೂರಿನ ತರಬೇತಿ ಕೇಂದ್ರಗಳ ಮುಂದೆ ಸಾಲಾಗಿ ತೂಗುತ್ತದೆ. ನಾನೂ ಹನ್ನೆರಡು ವರ್ಷ ಬೆಂಗಳೂರಿನಲ್ಲಿ ಇದೇ ಕ್ಷೇತ್ರದಲ್ಲಿದ್ದೆ. ಬೇರೆಯವರು ಕಟ್ಟಿದ ಟೇಬಲ್ಲುಗಳಿಂದ ಮಾಹಿತಿ ತೆಗೆದು ವರದಿ ಮಾಡಿ ಕೊಡುವ ಕೆಲಸ. ಕಟ್ಟುವುದು ಹೇಗೆಂದು ಕಲಿತದ್ದು ಊರಿಗೆ ಬಂದಮೇಲೆ, ಈ ಜವಳಿ ಅಂಗಡಿಯಲ್ಲಿ. ಕಲಿಯಲು ಹೊರಟವರಿಗೆ ಯಾವ ತರಬೇತಿ ಕೇಂದ್ರವೂ ಮೊದಲ ದಿನ ಹೇಳದ ಕೆಲವು ಸಂಗತಿಗಳು ಇಲ್ಲಿ ನನಗೆ ಸಿಕ್ಕವು.

ಮೊದಲು ಹೆಸರಿನ ಮಾತು: ವೇರ್‌ಹೌಸ್ ಎಂದರೆ ಉಗ್ರಾಣ. ಅಂಗಡಿಯಲ್ಲಿ ಬಿಲ್ ಹಾಕುವ ಸಾಫ್ಟ್‌ವೇರ್ ಈಗಾಗಲೇ ಇರುವಾಗ, ಅದರಲ್ಲೇ ಎಲ್ಲ ಮಾಹಿತಿಯೂ ಇರುವಾಗ, ಬೇರೆ ಉಗ್ರಾಣ ಯಾಕೆ ಬೇಕು? ಈ ಪ್ರಶ್ನೆಯನ್ನು ಯಜಮಾನರೂ ಕೇಳಿದರು. ಉತ್ತರ ಕೊಡಲು ನಾನು ತಡವರಿಸುತ್ತಿದ್ದಾಗ ಗುಮಾಸ್ತರೇ ದಾರಿ ತೋರಿಸಿದರು. ‘ಕಿರ್ದಿ ಇದ್ದರೂ ಖಾತೆ ಪುಸ್ತಕ ಯಾಕೆ ಬರೀತಿದ್ವಿ ಹೇಳಪ್ಪಾ?’ ಅಂದರು.

ಕಿರ್ದಿ ಎಂದರೆ ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲೇ ಬರೆದುಕೊಳ್ಳುವ ಪುಸ್ತಕ. ಬೆಳಿಗ್ಗೆ ಹತ್ತಕ್ಕೆ ಒಂದು ಸೀರೆ ಹೋಯಿತು, ಹನ್ನೊಂದಕ್ಕೆ ಲಾರಿ ಬಾಡಿಗೆ ಕೊಟ್ಟೆವು, ಮಧ್ಯಾಹ್ನ ಯಾರೋ ಹಳೆಯ ಬಾಕಿ ತೀರಿಸಿದರು. ಎಲ್ಲವೂ ಒಂದರ ಕೆಳಗೊಂದು. ವ್ಯಾಪಾರ ನಡೆಯುವ ಹೊತ್ತಿನಲ್ಲಿ ಬೇಗ ಬರೆದುಕೊಳ್ಳಲು ಅದಕ್ಕಿಂತ ಒಳ್ಳೆಯ ವಿಧಾನವಿಲ್ಲ. ಆದರೆ ‘ಮಲೇಬೆನ್ನೂರಿನ ಆ ಗಿರಾಕಿಯ ಬಾಕಿ ಎಷ್ಟು’ ಎಂದು ಕೇಳಿದರೆ ಕಿರ್ದಿಯ ನೂರು ಪುಟ ತಿರುವಬೇಕು. ಅದಕ್ಕೇ ಸಂಜೆ ಕೂತು ಪ್ರತಿಯೊಂದು ನಮೂದನ್ನೂ ಅದರದರ ಖಾತೆಗೆ ಎತ್ತಿ ಬರೆಯುತ್ತಿದ್ದರು. ಮಾಹಿತಿ ಅದೇ, ಜೋಡಣೆ ಬೇರೆ. ಒಂದು ಬರೆಯಲು ಅನುಕೂಲ, ಇನ್ನೊಂದು ಕೇಳಲು ಅನುಕೂಲ. ಬಿಲ್ಲಿಂಗ್ ಸಾಫ್ಟ್‌ವೇರಿಗೂ ಡೇಟಾ ವೇರ್‌ಹೌಸಿಗೂ ಇರುವ ವ್ಯತ್ಯಾಸ ಇಷ್ಟೇ.

ಅಮೆರಿಕದ ಬಿಲ್ ಇನ್ಮನ್ 1992ರಲ್ಲಿ ಈ ವಿಷಯದ ಮೇಲೆ ಇಡೀ ಪುಸ್ತಕ ಬರೆದು, ಡೇಟಾ ವೇರ್‌ಹೌಸಿಗೆ ನಾಲ್ಕು ಲಕ್ಷಣ ಹೇಳಿದರು. ಮಾಹಿತಿ ವಿಷಯವಾರು ಇರಬೇಕು, ಹಲವು ಕಡೆಯಿಂದ ಬಂದದ್ದು ಒಂದೇ ಅಳತೆಗೆ ಹೊಂದಿಕೊಂಡಿರಬೇಕು, ಕಾಲದ ಗುರುತು ಇರಬೇಕು, ಒಮ್ಮೆ ಬರೆದದ್ದನ್ನು ಅಳಿಸಬಾರದು. ಕೊನೆಯದನ್ನು ಗುಮಾಸ್ತರಿಗೆ ವಿವರಿಸಬೇಕಾಗಲೇ ಇಲ್ಲ. ಲೆಕ್ಕದ ಪುಸ್ತಕದಲ್ಲಿ ತಪ್ಪಾದರೆ ಅವರು ಎಂದೂ ಅಳಿಸಿದವರಲ್ಲ. ಕೆಳಗೆ ಇನ್ನೊಂದು ನಮೂದು ಬರೆದು ಸರಿಮಾಡಿದವರು. ನಮ್ಮ ನಾಡಿನ ವರ್ತಕರು ಬಹಳ ಹಿಂದೆ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಕಡತವೆಂದು ಅದಕ್ಕೆ ಹೆಸರು. ಸರಕಾರಿ ಕಚೇರಿಯ ಫೈಲಿಗೆ ನಾವು ಇವತ್ತಿಗೂ ಹೇಳುವ ಮಾತು ಅದೇ.

ಜವಳಿಗೂ ಈ ವಿದ್ಯೆಗೂ ಇನ್ನೊಂದು ನಂಟಿದೆ. ಬಿಸಿನೆಸ್ ಇಂಟೆಲಿಜೆನ್ಸ್ ಎಂಬ ಮಾತನ್ನು ಇಂದಿನ ಅರ್ಥಕ್ಕೆ ಹತ್ತಿರವಾಗಿ ಬಳಸಿ 1958ರಲ್ಲಿ ಪ್ರಬಂಧ ಬರೆದವರು ಐಬಿಎಂ ಕಂಪನಿಯ ಹ್ಯಾನ್ಸ್ ಪೀಟರ್ ಲೂನ್. ನಮ್ಮ ಬ್ಯಾಂಕ್ ಕಾರ್ಡಿನ ಕೊನೆಯ ಅಂಕಿಯನ್ನು ಲೆಕ್ಕ ಹಾಕಿ ಕಾರ್ಡಿನ ಸಂಖ್ಯೆ ಸರಿಯಿದೆಯೇ ಎಂದು ನೋಡುವ ಸೂತ್ರವೂ ಅವರದೇ. ಜರ್ಮನಿಯಲ್ಲಿ ಹುಟ್ಟಿದ ಲೂನ್ ಅಮೆರಿಕಕ್ಕೆ ಬಂದದ್ದು ಜವಳಿ ಉದ್ಯಮದ ದಾರಿಯಲ್ಲಿ. ಬಟ್ಟೆಯ ಮೇಲಿಟ್ಟರೆ ಎಳೆ ಎಷ್ಟಿವೆಯೆಂದು ತೋರಿಸುವ ಅಳತೆಪಟ್ಟಿಯೊಂದನ್ನು ಅವರು ಕಂಡುಹಿಡಿದರು; ಲೂನೋಮೀಟರ್ ಎಂದು ಅದರ ಹೆಸರು. ಬಟ್ಟೆಯ ಎಳೆ ಎಣಿಸಿದವರೇ ಮುಂದೆ ಮಾಹಿತಿಯ ಎಳೆ ಹಿಡಿಯಲು ಹೊರಟದ್ದು ನನಗೆ ಈ ಅಂಗಡಿಯಲ್ಲಿ ಕೂತು ಓದುವಾಗ ತುಂಬ ಹತ್ತಿರದ ಸಂಗತಿಯೆನಿಸಿತು.

ಅದಾದ ಮೂವತ್ತು ವರ್ಷಕ್ಕೆ, 1988ರಲ್ಲಿ, ಐಬಿಎಂನವರೇ ಆದ ಬ್ಯಾರಿ ಡೆವ್ಲಿನ್ ಮತ್ತು ಪಾಲ್ ಮರ್ಫಿ ವ್ಯವಹಾರದ ಮಾಹಿತಿಗೆ ಪ್ರತ್ಯೇಕ ಉಗ್ರಾಣದ ನಕ್ಷೆ ಹಾಕಿದರು. 1996ರಲ್ಲಿ ರಾಲ್ಫ್ ಕಿಂಬಲ್ ಬರೆದ ‘ದ ಡೇಟಾ ವೇರ್‌ಹೌಸ್ ಟೂಲ್‌ಕಿಟ್’ ಬಂತು. ಇನ್ಮನ್ ಅವರದು ಇಡೀ ಸಂಸ್ಥೆಗೆ ಒಂದೇ ದೊಡ್ಡ ಉಗ್ರಾಣ ಮೊದಲು ಕಟ್ಟಬೇಕೆಂಬ ದಾರಿ. ಕಿಂಬಲ್ ಅವರದು ಒಂದೊಂದೇ ವ್ಯವಹಾರವನ್ನು ಹಿಡಿದು ಕಟ್ಟುತ್ತ, ಅವು ಪರಸ್ಪರ ಹೊಂದುವಂತೆ ನೋಡಿಕೊಳ್ಳುವ ದಾರಿ. ಯಾವುದು ಮೇಲು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಐದು ಮಳಿಗೆಯ ಜವಳಿ ಅಂಗಡಿಗೆ ಕಿಂಬಲ್ ಅವರ ದಾರಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಯಜಮಾನರು ಎರಡು ವರ್ಷ ಕಾಯುವುದಿಲ್ಲ. ಎರಡು ತಿಂಗಳಲ್ಲಿ ಒಂದಾದರೂ ಪ್ರಶ್ನೆಗೆ ಉತ್ತರ ಬೇಕು.

ಕಿಂಬಲ್ ಹೇಳುವ ಹೆಜ್ಜೆ ನಾಲ್ಕೇ. ಯಾವ ವ್ಯವಹಾರ ಎಂದು ಆರಿಸಿಕೊಳ್ಳಿ. ಟೇಬಲ್ಲಿನ ಒಂದು ಸಾಲು ಎಂದರೆ ಏನೆಂದು ಹೇಳಿ. ಅದನ್ನು ಯಾವ ಯಾವ ಕಡೆಯಿಂದ ನೋಡುತ್ತೀರಿ ಎಂದು ಪಟ್ಟಿಮಾಡಿ. ಕೊನೆಗೆ ಏನನ್ನು ಅಳೆಯುತ್ತೀರಿ ಎಂದು ತೀರ್ಮಾನಿಸಿ. ಓದಿದರೆ ಹತ್ತು ನಿಮಿಷದ ಪಾಠ. ಆದರೆ ಎರಡನೆಯ ಹೆಜ್ಜೆಯಲ್ಲಿ ನಾನು ಎಡವಿದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಈ ಎರಡನೆಯ ಹೆಜ್ಜೆಗೆ ಅವರು ಇಟ್ಟ ಹೆಸರು ಗ್ರೇನ್, ಅಂದರೆ ಕಾಳು. ಕಣಜದಲ್ಲಿ ತುಂಬುವುದು ಜೋಳವೋ ರಾಗಿಯೋ ಎಂದು ಮೊದಲೇ ಗೊತ್ತಿರಬೇಕು. ಎರಡನ್ನೂ ಬೆರೆಸಿ ತುಂಬಿದರೆ ಅಳೆಯಲೂ ಬಾರದು, ಬೀಸಲೂ ಬಾರದು. ನಾನು ಬೆರೆಸಿದ್ದೆ.

ಹರಿಹರದ ಒಂದು ಬಿಲ್ಲು ನೋಡಿ. ಒಂದು ಇಳಕಲ್ ಸೀರೆ 3,200 ರೂಪಾಯಿ, ಒಂದು ಪಂಚೆ 900, ಕುಪ್ಪಸದ ಬಟ್ಟೆ ಎರಡು ಮೀಟರಿಗೆ 300. ಒಟ್ಟು 4,400. ಗಿರಾಕಿ ಹಳಬರು, ಬಿಲ್ಲಿನ ಮೇಲೆ 200 ರೂಪಾಯಿ ಬಿಟ್ಟರು. ಗಲ್ಲಾಕ್ಕೆ ಬಂದದ್ದು 4,200. ಬಿಲ್ಲಿಂಗ್ ಸಾಫ್ಟ್‌ವೇರ್ ಇದನ್ನು ಎರಡು ಕಡೆ ಇಡುತ್ತದೆ: ಬಿಲ್ಲಿನ ಮೊತ್ತ 4,200 ಎಂದು ಒಂದು ಟೇಬಲ್ಲಿನಲ್ಲಿ ಒಂದು ಸಾಲು, ಅದರಲ್ಲಿದ್ದ ಮೂರು ಸಾಮಾನು ಇನ್ನೊಂದು ಟೇಬಲ್ಲಿನಲ್ಲಿ ಮೂರು ಸಾಲು. ನಾನು ಎರಡನ್ನೂ ಜೋಡಿಸಿ ಒಂದೇ ದೊಡ್ಡ ಟೇಬಲ್ ಮಾಡಿದೆ. ಆಗ 4,200 ಎಂಬ ಅಂಕಿ ಮೂರು ಸಾಲಿನಲ್ಲೂ ಬಂದು ಕೂತಿತು. ಕೂಡಿದರೆ 12,600!

ಮಾಮೂಲಿ ದಿನಗಳಲ್ಲಿ ಬಹುಪಾಲು ಬಿಲ್ಲಿನಲ್ಲಿ ಒಂದೇ ಸಾಮಾನು ಇರುವುದರಿಂದ ತಪ್ಪು ಎದ್ದು ಕಾಣಲಿಲ್ಲ. ಹಬ್ಬದ ವಾರದಲ್ಲಿ ಮನೆಮಂದಿಗೆಲ್ಲ ಒಂದೇ ಬಿಲ್ಲಿನಲ್ಲಿ ಬಟ್ಟೆ ಕೊಳ್ಳುತ್ತಾರೆ. ಆ ವಾರದ ಅಂಕಿ ಆಕಾಶಕ್ಕೆ ಏರಿತ್ತು. ನಾನು ಅದನ್ನು ಹಬ್ಬದ ವ್ಯಾಪಾರವೆಂದೇ ನಂಬಿ ಬಣ್ಣದ ಗ್ರಾಫ್ ಹಾಕಿ ತೋರಿಸಿದೆ. ಗುಮಾಸ್ತರು ಕನ್ನಡಕ ಏರಿಸಿ ನೋಡಿದರು, ತಮ್ಮ ಪುಸ್ತಕ ತೆಗೆದು ಆ ವಾರದ ಮೊತ್ತದ ಮೇಲೆ ಬೆರಳಿಟ್ಟರು. ‘ತಮ್ಮಾ, ಇದು ಹೆಂಗ್ ಬಂತು? ಬ್ಯಾಂಕಿಗೆ ಕಟ್ಟಿದ್ದು ಇಷ್ಟೇ ಅಲ್ಲೇನು?’ ಅಂದರು. ದನಿಯಲ್ಲಿ ಸ್ವಲ್ಪವೂ ಹೀಯಾಳಿಕೆ ಇರಲಿಲ್ಲ. ಎರಡು ದಿನ ಕೂತು ಹುಡುಕಿದಮೇಲೆ ತಪ್ಪು ಸಿಕ್ಕಿತು.

ಅಂದಿನಿಂದ ನಮ್ಮ ಮಾರಾಟದ ಟೇಬಲ್ಲಿಗೆ ಒಂದು ವಾಕ್ಯ ಬರೆದಿಟ್ಟಿದ್ದೇವೆ: ‘ಇಲ್ಲಿನ ಒಂದು ಸಾಲು ಎಂದರೆ ಒಂದು ಬಿಲ್ಲಿನಲ್ಲಿ ಮಾರಿದ ಒಂದು ಸಾಮಾನು.’ ಈ ವಾಕ್ಯಕ್ಕೆ ಒಗ್ಗದ ಅಂಕಿ ಆ ಟೇಬಲ್ಲಿಗೆ ಬರುವಂತಿಲ್ಲ. ಹಾಗಾದರೆ ಬಿಟ್ಟ 200 ರೂಪಾಯಿಯ ಗತಿ? ಅದನ್ನು ಬೆಲೆಯ ಪ್ರಮಾಣಕ್ಕೆ ತಕ್ಕಂತೆ ಹಂಚಿದೆವು: ಸೀರೆಗೆ 145.45, ಪಂಚೆಗೆ 40.91, ಕುಪ್ಪಸದ ಬಟ್ಟೆಗೆ 13.64. ಕೂಡಿದರೆ ಸರಿಯಾಗಿ 200. ಇನ್ನು ಅದೇ ಗಿರಾಕಿ ಅರ್ಧ ನಗದು, ಅರ್ಧ ಫೋನಿನಲ್ಲಿ ಕೊಟ್ಟರೆ? ಅದು ಬೇರೆ ಕಾಳು, ಅದಕ್ಕೆ ಬೇರೆ ಟೇಬಲ್. ಸೀರೆಗೆ ಇಷ್ಟು ನಗದು, ಪಂಚೆಗೆ ಇಷ್ಟು ಫೋನು ಎಂದು ಹಂಚುವುದಕ್ಕೆ ಅರ್ಥವೇ ಇಲ್ಲ.

ಕಲಿಯುವವರು ನೂರು ಸಾಧನ ಕಲಿಯಲಿ, ಈ ಒಂದು ವಾಕ್ಯ ಬರೆಯುವುದನ್ನು ಕಲಿಯದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಒಂದು ಸಾಲು ಎಂದರೆ ಏನು? ಸಂದರ್ಶನದಲ್ಲಿ ನನ್ನೆದುರು ಕೂತ ಹುಡುಗ ಹುಡುಗಿಯರಿಗೆ ನಾನು ಕೇಳುವ ಮೊದಲ ಪ್ರಶ್ನೆ ಈಗ ಇದೇ.

ಅಳೆಯುವ ಅಂಕಿಗಳಿರುವ ಈ ಟೇಬಲ್ಲನ್ನು ಫ್ಯಾಕ್ಟ್ ಟೇಬಲ್ ಎನ್ನುತ್ತಾರೆ. ಅದನ್ನು ಯಾವ ಕಡೆಯಿಂದ ನೋಡಬೇಕೆಂದು ಹೇಳುವವು ಡೈಮೆನ್ಷನ್ ಟೇಬಲ್ಲುಗಳು: ಯಾವ ದಿನ, ಯಾವ ಮಳಿಗೆ, ಯಾವ ಸಾಮಾನು, ಯಾವ ಗಿರಾಕಿ. ನಡುವೆ ಒಂದು, ಸುತ್ತ ನಾಲ್ಕೈದು. ಚಿತ್ರ ಬರೆದರೆ ನಕ್ಷತ್ರದಂತೆ ಕಾಣುತ್ತದೆ, ಅದಕ್ಕೇ ಸ್ಟಾರ್ ಸ್ಕೀಮಾ ಎಂಬ ಹೆಸರು.

ಇವುಗಳಲ್ಲಿ ದಿನದ ಟೇಬಲ್ ಎಲ್ಲಕ್ಕಿಂತ ಸುಲಭವೆಂದು ತರಗತಿಯಲ್ಲಿ ಹೇಳಿಕೊಡುತ್ತಾರೆ. ದಿನಕ್ಕೊಂದು ಸಾಲು, ಹತ್ತು ವರ್ಷಕ್ಕೆ ಮೂರು ಸಾವಿರದ ಆರುನೂರು ಚಿಲ್ಲರೆ ಸಾಲು. ತಿಂಗಳು, ವಾರ, ತ್ರೈಮಾಸಿಕ ತುಂಬಿದರೆ ಮುಗಿಯಿತು. ನಾನೂ ಇಂಟರ್ನೆಟ್ಟಿನಲ್ಲಿ ಸಿಕ್ಕ ಸಿದ್ಧ ದಿನಾಂಕಪಟ್ಟಿಯನ್ನೇ ತಂದು ಹಾಕಿದ್ದೆ. ಅದರಲ್ಲಿ ಕ್ರಿಸ್‌ಮಸ್ ಇತ್ತು, ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಕೂಡ ಇತ್ತು. ಯುಗಾದಿ ಇರಲಿಲ್ಲ. ಎರಡು ಹಾಳೆಯ ಆ ಪ್ರಸಂಗ ನಡೆದದ್ದು ಇದರಿಂದಲೇ.

ಆ ಮೇಲೆ ಗುಮಾಸ್ತರು, ನಾನು, ಒಂದು ಪಂಚಾಂಗ. ಮೂವರೂ ಸೇರಿ ದಿನದ ಟೇಬಲ್ಲನ್ನು ಮತ್ತೆ ಕಟ್ಟಿದೆವು. ಹಬ್ಬದ ಹೆಸರೊಂದೇ ಸಾಲದು ಎಂದು ಬೇಗ ಗೊತ್ತಾಯಿತು. ಬಟ್ಟೆ ಕೊಳ್ಳುವುದು ಹಬ್ಬದ ದಿನವಲ್ಲ. ಹತ್ತು ಹದಿನೈದು ದಿನ ಮೊದಲಿನಿಂದ ಹಬ್ಬದ ಹಿಂದಿನ ರಾತ್ರಿಯವರೆಗೆ. 2024ರ ಯುಗಾದಿ ಏಪ್ರಿಲ್ 9ಕ್ಕಾದರೂ ಗಿರಾಕಿಗಳು ಮಾರ್ಚ್ ಕೊನೆಯ ವಾರದಿಂದಲೇ ಬಂದಿದ್ದರು. ಆ ಹಬ್ಬದ ವ್ಯಾಪಾರದ ಒಂದಿಷ್ಟು ಪಾಲು ಹಿಂದಿನ ಲೆಕ್ಕದ ವರ್ಷದಲ್ಲೇ ಉಳಿದಿತ್ತು. ಅದಕ್ಕೇ ‘ಯುಗಾದಿಗೆ ಇನ್ನೆಷ್ಟು ದಿನ’ ಎಂಬ ಒಂದು ಕಾಲಂ ಸೇರಿಸಿದೆವು. ಈಗ ಹದಿನೈದನೇ ದಿನವನ್ನು ಹದಿನೈದನೇ ದಿನದೊಂದಿಗೆ, ಹಿಂದಿನ ದಿನವನ್ನು ಹಿಂದಿನ ದಿನದೊಂದಿಗೆ ಹೋಲಿಸಬಹುದು. ಇಂಗ್ಲಿಷ್ ತಾರೀಕು ಯಾವುದಾದರೂ ಇರಲಿ.

ದೀಪಾವಳಿಗೂ ಇದೇ ಬೇಕಾಯಿತು. 2023ರಲ್ಲಿ ನವೆಂಬರ್ 12ರ ಸುಮಾರಿಗೆ ಬಂದ ಹಬ್ಬ 2025ರಲ್ಲಿ ಅಕ್ಟೋಬರ್ 20ಕ್ಕೆ ಬಂತು. ಆ ಎರಡು ಅಕ್ಟೋಬರುಗಳನ್ನು ಪಕ್ಕಪಕ್ಕ ಇಟ್ಟು ಏರಿತು ಇಳಿಯಿತು ಎನ್ನುವುದು ತಪ್ಪು ಲೆಕ್ಕ. ಆಷಾಢದ್ದು ಇನ್ನೊಂದು ಬಗೆ. ಆ ತಿಂಗಳು ಮದುವೆಯಿಲ್ಲ, ರೇಷ್ಮೆ ಸೀರೆ ಕದಲುವುದಿಲ್ಲ, ರಿಯಾಯಿತಿ ಬೋರ್ಡು ಹಾಕಿ ಹತ್ತಿ ಬಟ್ಟೆ ಖಾಲಿ ಮಾಡುತ್ತಾರೆ. 2023ರಲ್ಲಿ ಆಷಾಢ ಶುರುವಾದದ್ದು ಜೂನ್ 19ಕ್ಕೆ, 2024ರಲ್ಲಿ ಜುಲೈ 6ಕ್ಕೆ. ಮದುವೆ ಮುಹೂರ್ತದ ದಿನಗಳು, ಪೇಟೆಯ ಸಂತೆಯ ದಿನ, ದುರ್ಗಮ್ಮನ ಜಾತ್ರೆ ನಡೆಯುವ ವರ್ಷ ಎಲ್ಲವೂ ಕಾಲಂ ಆದವು. ಮಳಿಗೆಗೊಂದು ಸಂತೆಯ ದಿನ ಇರುವುದರಿಂದ ಅದನ್ನು ದಿನದ ಟೇಬಲ್ಲಿನಲ್ಲಿ ಇಡಲಾಗದು, ಮಳಿಗೆ–ದಿನ ಎಂದು ಬೇರೆಯೇ ಪುಟ್ಟ ಟೇಬಲ್ ಬೇಕು ಎಂಬುದನ್ನೂ ಆಗ ಕಲಿತೆ.

ಮಳಿಗೆಯ ಟೇಬಲ್ಲಿನಲ್ಲಿ ಇನ್ನೊಂದು ಪಾಠ ಕಾದಿತ್ತು. ಜಿಲ್ಲಾವಾರು ವ್ಯಾಪಾರ ಬೇಕೆಂದು ಯಜಮಾನರು ಕೇಳಿದರು. ಹರಪನಹಳ್ಳಿ ಯಾವ ಜಿಲ್ಲೆ?

ಬಲ್ಲವರು ಇಲ್ಲಿ ಮುಗುಳ್ನಗುತ್ತಾರೆ. ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಅಲ್ಲಿಗೆ ಹೋಯಿತು. 371–ಜೆ ವಿಧಿಯ ಸೌಲಭ್ಯಕ್ಕಾಗಿ ನಡೆದ ಬೇಡಿಕೆಯ ನಂತರ 2018ರಲ್ಲಿ ಮತ್ತೆ ಬಳ್ಳಾರಿಗೆ ಸೇರಿಸುವ ತೀರ್ಮಾನವಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಆ ಜಿಲ್ಲೆಗೆ ಸೇರಿತು. ಊರು ಕದಲಲಿಲ್ಲ, ಅಂಗಡಿಯ ಬಾಗಿಲೂ ಕದಲಲಿಲ್ಲ. ಜಿಲ್ಲೆ ಮಾತ್ರ ಬದಲಾಗುತ್ತ ಬಂತು. ಕಾಲಂನಲ್ಲಿ ‘ವಿಜಯನಗರ’ ಎಂದು ಬರೆದು ಹಳೆಯದನ್ನು ಅಳಿಸಿಬಿಟ್ಟರೆ, 2016ರ ದಾವಣಗೆರೆ ಜಿಲ್ಲೆಯ ವ್ಯಾಪಾರ ಇದ್ದಕ್ಕಿದ್ದಂತೆ ಕಡಿಮೆಯಾಗುತ್ತದೆ. ಆಗ ಮುದ್ರಿಸಿದ ವರದಿಗೂ ಈಗಿನ ಕಂಪ್ಯೂಟರಿಗೂ ತಾಳೆ ಬೀಳುವುದಿಲ್ಲ.

ಕಿಂಬಲ್ ಇದಕ್ಕೆ ನಿಧಾನವಾಗಿ ಬದಲಾಗುವ ಡೈಮೆನ್ಷನ್ ಎಂದು ಹೆಸರಿಟ್ಟು ಹಲವು ಉಪಾಯ ಹೇಳಿದ್ದಾರೆ. ಮೊದಲನೆಯದು ಹಳೆಯದನ್ನು ಅಳಿಸಿ ಹೊಸದು ಬರೆಯುವುದು. ಎರಡನೆಯದು ಹಳೆಯ ಸಾಲನ್ನು ಹಾಗೆಯೇ ಉಳಿಸಿ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಗುರುತಿಟ್ಟು, ಹೊಸ ಸಾಲು ಸೇರಿಸುವುದು. ನಮ್ಮ ಕಂಪ್ಯೂಟರ್ ಬಿಲ್ಲುಗಳು ಶುರುವಾದಮೇಲೆ ಹರಪನಹಳ್ಳಿ ಮಳಿಗೆಗೆ ಮೂರು ಸಾಲು ಬೇಕಾಯಿತು: ದಾವಣಗೆರೆಯಲ್ಲಿದ್ದ ಹರಪನಹಳ್ಳಿ, ಬಳ್ಳಾರಿಯಲ್ಲಿದ್ದ ಹರಪನಹಳ್ಳಿ, ವಿಜಯನಗರದ ಹರಪನಹಳ್ಳಿ. ಮೂರಕ್ಕೂ ಬೇರೆ ಬೇರೆ ಕ್ರಮಸಂಖ್ಯೆ ನಮ್ಮದೇ. ಬಿಲ್ ಆದ ದಿನ ಯಾವ ಸಾಲು ಚಾಲ್ತಿಯಲ್ಲಿತ್ತೋ ಅದರ ಸಂಖ್ಯೆ ಆ ಬಿಲ್ಲಿಗೆ. ಅಂಗಡಿಯ ಸ್ವಂತ ಕೋಡ್ ಮಾತ್ರ ಮೂರಕ್ಕೂ ಒಂದೇ ಇರುವುದರಿಂದ, ಒಟ್ಟು ಹರಪನಹಳ್ಳಿಯ ವ್ಯಾಪಾರ ಬೇಕೆಂದರೂ ಸಿಗುತ್ತದೆ.

ಹೊಸಪೇಟೆ ಎರಡೂ ಉಪಾಯವನ್ನು ಒಟ್ಟಿಗೆ ಕಲಿಸಿತು. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಕ್ಕೆ ತಂದಾಗ ಹಾಸ್ಪೆಟ್ ಹೋಗಿ ಹೊಸಪೇಟೆ ಆಯಿತು. ಅದು ಬರಹದ ತಿದ್ದುಪಡಿ. ಹಳೆಯದನ್ನು ಅಳಿಸಿ ಎಲ್ಲ ಕಡೆ ಹೊಸದನ್ನೇ ಇಟ್ಟರೆ ಯಾವ ಲೆಕ್ಕವೂ ಕೆಡುವುದಿಲ್ಲ. 2021ರಲ್ಲಿ ಜಿಲ್ಲೆ ಬದಲಾದದ್ದು ಹಾಗಲ್ಲ. ಅದಕ್ಕೆ ಹೊಸ ಸಾಲೇ ಬೇಕು. ಯಾವುದು ತಿದ್ದುಪಡಿ, ಯಾವುದು ಚರಿತ್ರೆ ಎಂದು ಕಂಪ್ಯೂಟರ್ ಹೇಳಲಾರದು. ಊರನ್ನು ಬಲ್ಲವರು ಹೇಳಬೇಕು.

ತೆರಿಗೆಯಲ್ಲೂ ಇದೇ ಎಚ್ಚರ. ಸಿದ್ಧ ಉಡುಪಿಗೆ ಸಾವಿರ ರೂಪಾಯಿವರೆಗೆ ಶೇ 5, ಅದಕ್ಕೆ ಮೇಲೆ ಶೇ 12 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗೆ ಶೇ 5, ಅದಕ್ಕೆ ಮೇಲೆ ಶೇ 18 ಆಯಿತು. 1,500 ರೂಪಾಯಿಯ ಅಂಗಿಗೆ ಆ ದಿನದ ಹಿಂದೆ ಒಂದು ತೆರಿಗೆ, ಮುಂದೆ ಒಂದು. ತೆರಿಗೆಯ ದರವನ್ನು ಸಾಮಾನಿನ ಪಟ್ಟಿಯಲ್ಲಿ ಒಂದೇ ಕಡೆ ಇಟ್ಟು ಹಳೆಯ ಬಿಲ್ಲಿಗೂ ಅದನ್ನೇ ಹಚ್ಚಿದರೆ ಇಡೀ ಚರಿತ್ರೆ ಸುಳ್ಳಾಗುತ್ತದೆ. ಬಿಲ್ಲಿನ ಸಾಲಿನಲ್ಲೇ ಅಂದು ಹಿಡಿದ ತೆರಿಗೆಯನ್ನು ಬರೆದಿಡಬೇಕು.

ಇಷ್ಟೆಲ್ಲ ಆಗುವ ಮೊದಲು ಇನ್ನೊಂದು ಜಗಳ ಬಗೆಹರಿಯಬೇಕಿತ್ತು. ‘ಮಾರಾಟ’ ಎಂದರೆ ಏನು? ಯಜಮಾನರಿಗೆ ಅದು ಸಂಜೆ ಗಲ್ಲಾ ಎಣಿಸಿದಾಗ ಸಿಗುವ ಮೊತ್ತ. ಆಡಿಟರಿಗೆ ಜಿಎಸ್‌ಟಿ ಕಳೆದು ಉಳಿದದ್ದು. ಕೌಂಟರಿನ ಹುಡುಗರಿಗೆ ತಮ್ಮ ಕಮಿಷನ್ ಲೆಕ್ಕಕ್ಕೆ ಬರುವ ಬಿಲ್ಲು. ಗಿರಾಕಿ ವಾಪಸು ತಂದುಕೊಟ್ಟದ್ದು ಅದರಲ್ಲಿ ಕಳೆಯಬೇಕೋ ಬೇಡವೋ ಎಂಬುದೇ ಅವರ ತಕರಾರು. ಮೂವರೂ ಸರಿ. ಮೂವರೂ ‘ಮಾರಾಟ’ ಎಂದೇ ಹೇಳುತ್ತಾರೆ. ಒಂದು ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಕೂರಿಸಿಕೊಂಡು, ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು, ಮೂರಕ್ಕೂ ಮೂರು ಹೆಸರಿಟ್ಟೆವು: ಗಲ್ಲಾ ಮೊತ್ತ, ತೆರಿಗೆ ಕಳೆದ ಮಾರಾಟ, ವಾಪಸು ಕಳೆದ ಮಾರಾಟ. ಈ ಇಡೀ ಕೆಲಸದಲ್ಲಿ ನಾಲ್ಕು ಗಂಟೆಯಲ್ಲಿ ಮುಗಿದು, ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಸಭೆ.

ಅಂಕಿಗಳನ್ನು ಕೂಡುವುದಕ್ಕೂ ವಿವೇಕ ಬೇಕು. ಸೀರೆಯ ಲೆಕ್ಕ ಎಣಿಕೆಯಲ್ಲಿ, ಕುಪ್ಪಸದ ಬಟ್ಟೆಯ ಲೆಕ್ಕ ಮೀಟರಿನಲ್ಲಿ. ಎರಡನ್ನೂ ಪ್ರಮಾಣ ಎಂಬ ಒಂದೇ ಕಾಲಂಗೆ ಹಾಕಿ ಕೂಡಿದರೆ ಬರುವ ಸಂಖ್ಯೆ ಏನನ್ನೂ ಹೇಳುವುದಿಲ್ಲ. ರೂಪಾಯಿಯನ್ನು ದಿನಕ್ಕೂ ಮಳಿಗೆಗೂ ಕೂಡಬಹುದು. ದಾಸ್ತಾನನ್ನು ಮಳಿಗೆಗಳ ಮೇಲೆ ಕೂಡಬಹುದು, ದಿನಗಳ ಮೇಲೆ ಕೂಡಬಾರದು: ಸೋಮವಾರ ನಲವತ್ತು ಸೀರೆ, ಮಂಗಳವಾರ ಮೂವತ್ತೆಂಟು ಇದ್ದರೆ ಎಪ್ಪತ್ತೆಂಟು ಸೀರೆ ಇದೆಯೆಂದಲ್ಲ. ಲಾಭದ ಶೇಕಡಾವಾರನ್ನು ಯಾವುದರ ಮೇಲೂ ಕೂಡುವಂತಿಲ್ಲ; ಲಾಭವನ್ನೂ ಮಾರಾಟವನ್ನೂ ಬೇರೆ ಬೇರೆ ಕೂಡಿ, ಆಮೇಲೆ ಭಾಗಿಸಬೇಕು.

ಮಾಹಿತಿಯನ್ನು ತರುವ, ಶುದ್ಧಮಾಡುವ ಕೆಲಸದ ಬಗ್ಗೆ ಪುಸ್ತಕಗಳು ಬೇಕಾದಷ್ಟು ಹೇಳುತ್ತವೆ. ಹೊಲದಿಂದ ಬಂದ ತೆನೆ ನೇರ ಕಣಜಕ್ಕೆ ಹೋಗುವುದಿಲ್ಲ. ಕಣದಲ್ಲಿ ಒಕ್ಕಿ, ತೂರಿ, ಅಳೆದಮೇಲೆ ಹೋಗುತ್ತದೆ. ಹಾಗೆಯೇ ಇಲ್ಲೂ ನಡುವೆ ಒಂದು ಕಣ ಬೇಕು. ನಮ್ಮಲ್ಲಿ ಗಿರಾಕಿಯ ಊರಿನ ಕಾಲಂನಲ್ಲಿ ‘ಹರಪನಹಳ್ಳಿ’, ‘ಹರ್ಪನಳ್ಳಿ’, ‘ಎಚ್.ಪಿ. ಹಳ್ಳಿ’ ಮೂರೂ ಇದ್ದವು. ಸೂರತ್ತಿನ ವ್ಯಾಪಾರಿಯ ಬಿಲ್ಲಿನಲ್ಲಿ ಒಂದು ಹೆಸರಿದ್ದ ಸೀರೆಗೆ ನಮ್ಮ ಕೌಂಟರಿನ ಹುಡುಗರು ಇನ್ನೊಂದು ಹೆಸರಿಟ್ಟಿದ್ದರು. ಕೊಂಡದ್ದು, ಇಟ್ಟದ್ದು, ಮಾರಿದ್ದು ಮೂರನ್ನೂ ಪಕ್ಕಪಕ್ಕ ನೋಡಬೇಕಾದರೆ ಸಾಮಾನಿನ ಪಟ್ಟಿ ಮೂರಕ್ಕೂ ಒಂದೇ ಇರಬೇಕು. ಅದಕ್ಕಾಗಿ ಎರಡೂವರೆ ತಿಂಗಳು ಕೂತೆವು. ಒಂದು ಮಳಿಗೆಯಲ್ಲಿ ನೆಟ್‌ವರ್ಕ್ ಹೋದರೆ ಮೂರು ದಿನದ ಬಿಲ್ಲು ನಾಲ್ಕನೇ ದಿನ ಬರುತ್ತದೆ. ಹಾಗಾಗಿ ಬಿಲ್ ಆದ ದಿನ, ನಮಗೆ ತಲುಪಿದ ದಿನ ಎಂದು ಎರಡು ದಿನಾಂಕ ಇಡುವುದು ಒಳ್ಳೆಯದು.

ಸಾಧನಗಳ ವಿಷಯ ಬೇಗ ಮುಗಿಸುತ್ತೇನೆ. ಎಸ್‌ಕ್ಯೂಎಲ್ ಕಲಿಯಿರಿ. ಎಡ್ಗರ್ ಕಾಡ್ 1970ರಲ್ಲಿ ಕೊಟ್ಟ ಟೇಬಲ್ಲುಗಳ ಸಿದ್ಧಾಂತದ ಮೇಲೆ ನಿಂತ ಈ ಭಾಷೆ ಐವತ್ತು ವರ್ಷದಿಂದ ಹಳತಾಗಿಲ್ಲ. ಪೋಸ್ಟ್‌ಗ್ರೆಸ್, ಡಕ್‌ಡಿಬಿಯಂಥವು ಉಚಿತ. ಮನೆಯ ಲ್ಯಾಪ್‌ಟಾಪಿನಲ್ಲೇ ಓಡುತ್ತವೆ. ರೆಡ್‌ಶಿಫ್ಟ್, ಸ್ನೋಫ್ಲೇಕ್, ಬಿಗ್‌ಕ್ವೆರಿ ಎಂಬ ಬಾಡಿಗೆ ಉಗ್ರಾಣಗಳು ಕೋಟಿಗಟ್ಟಲೆ ಸಾಲು ಇರುವವರಿಗೆ. ಐದು ಜವಳಿ ಅಂಗಡಿಗೆ ಬೇಕಾಗಿಲ್ಲ. ಪರದೆಯ ಮೇಲೆ ಬಣ್ಣದ ಗ್ರಾಫ್ ತೋರಿಸಲು ಪವರ್ ಬಿಐ, ಮೆಟಾಬೇಸ್ ಇವೆ. ನಮ್ಮ ಮಳಿಗೆಗಳಲ್ಲಿ ಹೆಚ್ಚು ಓದಿಸಿಕೊಂಡದ್ದು ಮಾತ್ರ ಪ್ರತಿ ಸೋಮವಾರ ಮುದ್ರಿಸಿ ಗಲ್ಲಾದ ಹಿಂದೆ ಅಂಟಿಸುವ ಒಂದು ಹಾಳೆ. ಏಳು ಸಾಲು, ಕನ್ನಡದಲ್ಲಿ.

ಆ ಹಾಳೆಯ ಮೊದಲ ಸಾಲನ್ನು ನೋಡಿ ಯಜಮಾನರು ಮ್ಯಾನೇಜರನ್ನೂ ಹುಡುಗರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರು. ಹಬ್ಬಕ್ಕೆ ಹಬ್ಬ ಹೋಲಿಸಿದಾಗ ಎರಡೂ ವರ್ಷದ ಕೆಲಸ ಹೆಚ್ಚುಕಡಿಮೆ ಸಮನಾಗಿತ್ತು. ಬಹುಮಾನವನ್ನು ಎಲ್ಲ ಮಳಿಗೆಯವರಿಗೂ ಹಂಚಿದರು. ತಪ್ಪು ಲೆಕ್ಕದಿಂದ ಒಬ್ಬರಿಗೆ ಕೆಟ್ಟ ಹೆಸರು ಬರುವುದು ತಪ್ಪಿತು. ಈ ವಿದ್ಯೆಯನ್ನು ಚೆನ್ನಾಗಿ ಕಲಿಯಬೇಕೆಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ: ಟೇಬಲ್ಲಿನ ಆ ತುದಿಯಲ್ಲಿ ಯಾರದೋ ಸಂಬಳ, ಯಾರದೋ ಮಾನ ಇರುತ್ತದೆ.

ಕಲಿಯಬೇಕೆನ್ನುವ ಹುಡುಗ ಹುಡುಗಿಯರಲ್ಲಿ ಒಂದು ವಿನಂತಿ. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಅಂಕಿಗಳ ಮೇಲೆ ಅಭ್ಯಾಸ ಮಾಡಿ, ತಪ್ಪಿಲ್ಲ. ಜೊತೆಗೆ ನಿಮ್ಮೂರಿನ ಒಂದು ಅಂಗಡಿ, ಹಾಲಿನ ಡೇರಿ, ಗ್ರಂಥಾಲಯ, ಯಾವುದಾದರೂ ಒಂದಕ್ಕೆ ಹೋಗಿ ಒಂದು ವಾರ ಕೂರಿ. ಅಲ್ಲಿ ಮೂವತ್ತು ವರ್ಷದಿಂದ ಲೆಕ್ಕ ಬರೆಯುತ್ತಿರುವವರನ್ನು ಕೇಳಿ: ನೀವು ಬರೆಯುವ ಒಂದು ಸಾಲು ಎಂದರೆ ಏನು? ಅವರು ಹೇಳುವುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಲ್ಯಾಪ್‌ಟಾಪನ್ನು ಆಮೇಲೆ ತೆರೆಯಿರಿ.

ಇನ್ನು ಜವಳಿಯವರಿಗೆ ದಿನದ ಟೇಬಲ್ ಕಟ್ಟುತ್ತಿರುವವರು ಈಗಲೇ ಗುರುತು ಹಾಕಿಕೊಳ್ಳಬೇಕಾದ ತಾರೀಕುಗಳು: 2026ರ ಯುಗಾದಿ ಮಾರ್ಚ್ 19, 2027ರದ್ದು ಏಪ್ರಿಲ್ 7, 2028ರದ್ದು ಮಾರ್ಚ್ 27. 2026–27ನೇ ಲೆಕ್ಕದ ವರ್ಷದಲ್ಲಿ ಮತ್ತೆ ಯುಗಾದಿ ಇಲ್ಲ, 2027–28ರಲ್ಲಿ ಎರಡಿವೆ.